ಬೊಟಾಕ್ಸ್: ಯಾವ ಚರ್ಮದ ತೊಂದರೆಗೆ ಹಾಕಿಸಬಹುದು, ಯಾವುದಕ್ಕೆ ಬೇರೆ ದಾರಿ ಮೇಲು

ಅಂಗೈ ಬೆವರಿಗೆ ಡಾಕ್ಟರು ಬೊಟಾಕ್ಸ್ ಇಂಜೆಕ್ಷನ್ ಹೆಸರು ಎತ್ತಿದರೆ ಸಾಕು, ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಬರುವ ಮಾತು, "ಅದು ಸಿನಿಮಾದವ್ರು ಮಾರಿಗೆ ಚುಚ್ಚಿಸ್ಕೊಳ್ಳೋದಲ್ಲೇನ್ರೀ?" ಹೌದು, ಅದೇ ಔಷಧಿ. ಆದರೆ ಅದರ ಕಥೆ ಮುಖದ ಸುಕ್ಕಿನಿಂದ ಶುರುವಾಗಿದ್ದಲ್ಲ. ಅಮೆರಿಕದಲ್ಲಿ 1989ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ ಮತ್ತು ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ಕಣ್ಣುರೆಪ್ಪೆಗೆ. ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಬಂದಿದ್ದು 2002ರಲ್ಲಿ. 2004ರಲ್ಲಿ ಕಂಕುಳಿನ ವಿಪರೀತ ಬೆವರಿಗೂ ಬಂತು.

ಈಗ ಚರ್ಮದ ಡಾಕ್ಟರುಗಳು ಇದನ್ನು ಇನ್ನೂ ಎಷ್ಟೋ ಕಡೆ ಹಾಕಿ ನೋಡುತ್ತಿದ್ದಾರೆ. ಉಬ್ಬಿದ ಗಾಯದ ಕಲೆ, ಸರ್ಪಸುತ್ತು ಹೋದ ಮೇಲೂ ಉಳಿಯುವ ಉರಿ, ಕೈಯಲ್ಲಿ ಏಳುವ ನೀರುಗುಳ್ಳೆ, ಮುಖ ಕೆಂಪಾಗುವುದು, ಎಣ್ಣೆ ಚರ್ಮ. ಪಟ್ಟಿ ಉದ್ದ ಇದೆ. ಆದರೆ ಎಲ್ಲದಕ್ಕೂ ಪುರಾವೆಯ ತೂಕ ಒಂದೇ ಅಲ್ಲ. ಬೆವರೇ ಮೂಲವಾಗಿರುವ ತೊಂದರೆಗಳಲ್ಲಿ ಇದು ನಿಜಕ್ಕೂ ಗಟ್ಟಿ ಔಷಧಿ. ನರದ ನೋವಿನಲ್ಲಿ ಯೋಚಿಸಬಹುದಾದದ್ದು. ಗಾಯದ ಕಲೆಯಲ್ಲಿ ಎರಡನೆಯ ಸಾಲಿನದು. ಉಳಿದವುಗಳಲ್ಲಿ ಹೆಚ್ಚಿನದಕ್ಕೆ ಇನ್ನೂ ಕಾಯುವುದು ಒಳ್ಳೆಯದು. ಸಾವಿರಾರು ರೂಪಾಯಿ ಕೊಡುವ ಮುಂಚೆ ನಿಮ್ಮ ತೊಂದರೆ ಯಾವ ಗುಂಪಿನದು ಎಂದು ಗೊತ್ತಿರಬೇಕು, ಅಲ್ವಾ?

ಇದು ಕೆಲಸ ಮಾಡುವ ರೀತಿ ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟಾಗ ಸ್ನಾಯು ಬಿಗಿಯುತ್ತದೆ, ಬೆವರು ಗ್ರಂಥಿ ಬೆವರು ಸುರಿಸುತ್ತದೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ ನರದ ತುದಿಯೊಳಗೆ ಹೋಗಿ ಆ ರಾಸಾಯನಿಕ ಹೊರಬರದಂತೆ ತಡೆಯುತ್ತದೆ. ಗ್ರಂಥಿ ಸಾಯುವುದಿಲ್ಲ, ಅದಕ್ಕೆ ಬರಬೇಕಾದ ಆಜ್ಞೆ ಮಾತ್ರ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ನರದ ತುದಿ ಮತ್ತೆ ಚಿಗುರಿ ಕೆಲಸಕ್ಕೆ ಹತ್ತುತ್ತದೆ. ಆದ್ದರಿಂದ ಪರಿಣಾಮ ಶಾಶ್ವತ ಅಲ್ಲ. ತೊಂದರೆ ಆದರೂ ಅದೂ ಶಾಶ್ವತ ಅಲ್ಲ. ಸುಮಾರು 200 ವರ್ಷದ ಹಿಂದೆಯೇ ಜರ್ಮನಿಯ ಡಾಕ್ಟರ್ ಯುಸ್ಟಿನಸ್ ಕೆರ್ನರ್, ಕೆಟ್ಟ ಮಾಂಸದ ಸಾಸೇಜ್ ತಿಂದು ವಿಷವೇರಿದವರ ಬಾಯಿ ಒಣಗಿದ್ದನ್ನೂ ಬೆವರು ನಿಂತಿದ್ದನ್ನೂ ಬರೆದಿಟ್ಟಿದ್ದರು. ಇದನ್ನು ಮುಂದೆ ಔಷಧಿಯಾಗಿ ಬಳಸಬಹುದು ಎಂದೂ ಊಹಿಸಿದ್ದರು.

ಅಂಗೈ ಮತ್ತು ಕಂಕುಳಿನ ಬೆವರು

ಈ ತೊಂದರೆ ಇಲ್ಲದವರಿಗೆ ಇದು ಸಣ್ಣ ವಿಷಯ ಅನಿಸುತ್ತದೆ. ಧಾರವಾಡದಲ್ಲಿ ಕೋಚಿಂಗ್‌ಗೆ ಬಂದು ರೂಮು ಮಾಡಿಕೊಂಡು ಓದುವ ಹುಡುಗ-ಹುಡುಗಿಯರನ್ನು ಕೇಳಿ. ಕೈ ಬೆವರಿ ಒಎಂಆರ್ ಹಾಳೆ ಒದ್ದೆಯಾದರೆ ಪರೀಕ್ಷೆಯೇ ಹಾಳು. ಗದಗ-ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂರುವವರು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಎಣಿಸುವವರು, ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿ ಬಟ್ಟೆ ಹೊಲಿಯುವವರು, ಇವರೆಲ್ಲರಿಗೂ ಒಣಗಿದ ಕೈ ಅಂದರೆ ಅನ್ನ. ಮದುವೆ ಮಾತುಕತೆಗೆ ಬಂದವರ ಜೊತೆ ಕೈಕುಲುಕಲು ಹೆದರುವವರೂ ಇದ್ದಾರೆ. ಇದನ್ನು ಸುಮ್ನೆ ಟೆನ್ಷನ್ ಎಂದು ತಳ್ಳಿಹಾಕುವುದು ಸರಿಯಲ್ಲ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಸಣ್ಣ ವಯಸ್ಸಿನಲ್ಲೇ ಶುರುವಾಗಿ, ಎರಡೂ ಕಡೆ ಸಮನಾಗಿ ಬಂದು, ನಿದ್ದೆಯಲ್ಲಿ ನಿಲ್ಲುವ ಬೆವರು ಸಾಮಾನ್ಯವಾಗಿ ಸ್ವಭಾವದ್ದು. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರತೊಡಗಿದರೆ, ರಾತ್ರಿ ಹಾಸಿಗೆ ಒದ್ದೆಯಾದರೆ, ತೂಕ ಇಳಿದರೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇವನ್ನು ನೋಡಿಸಬೇಕು. ಅಂಥ ಬೆವರಿಗೆ ಬೊಟಾಕ್ಸ್ ಉತ್ತರ ಅಲ್ಲ.

ಸ್ವಭಾವದ ಬೆವರಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಅಲ್ಯುಮಿನಿಯಂ ಕ್ಲೋರೈಡ್ ಇರುವ ಲೋಷನ್. ರಾತ್ರಿ ಮಲಗುವಾಗ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ. ಸ್ನಾನ ಮಾಡಿದ ಕೂಡಲೇ ಹಚ್ಚಿ, ಉರಿ ತಾಳದೆ ಬಿಟ್ಟವರು ಬಹಳ. ಕಂಕುಳಿಗೆ ಇದು ಎಷ್ಟೋ ಜನಕ್ಕೆ ಸಾಕಾಗುತ್ತದೆ. ಅಂಗೈ ಚರ್ಮ ದಪ್ಪ, ಅಲ್ಲಿ ಇದರ ಆಟ ಅಷ್ಟು ನಡೆಯುವುದಿಲ್ಲ.

ಅಂಗೈಗೆ ನಾನು ಮೊದಲು ಹೇಳುವುದು ಅಯಾಂಟೋಫೊರೆಸಿಸ್. ಹೆಸರು ದೊಡ್ಡದು, ಕೆಲಸ ಸರಳ. ಎರಡು ತಟ್ಟೆಯಲ್ಲಿ ನೀರು ಹಾಕಿ, ಕೈ ಇಟ್ಟು, ಮಶೀನಿನಿಂದ ಸಣ್ಣ ಕರೆಂಟ್ ಹರಿಸುತ್ತಾರೆ. ಒಂದು ಸಲಕ್ಕೆ 20ರಿಂದ 30 ನಿಮಿಷ. ಶುರುವಿನಲ್ಲಿ ವಾರಕ್ಕೆ 3 ಸಲ, ಬೆವರು ಹಿಡಿತಕ್ಕೆ ಬಂದ ಮೇಲೆ ವಾರಕ್ಕೊಂದು ಸಲ ಅಥವಾ ಇನ್ನೂ ಕಡಿಮೆ. ಮನೆಯಲ್ಲೇ ಇಟ್ಟುಕೊಳ್ಳುವ ಮಶೀನೂ ಸಿಗುತ್ತದೆ. ನೀರಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಆರ್‌ಒ ನೀರು ಹಾಕಬೇಡಿ. ಅದರಲ್ಲಿ ಲವಣ ಇರುವುದಿಲ್ಲ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ನಮಗೆ ಬರುವ ಮಲಪ್ರಭೆಯ ನಳದ ನೀರೋ ಬೋರ್‌ವೆಲ್ ನೀರೋ ಇದಕ್ಕೆ ಒಳ್ಳೆಯದು. ಬಸುರಿಯರು, ಪೇಸ್‌ಮೇಕರ್ ಇರುವವರು, ಕೈಯಲ್ಲಿ ರಾಡು-ಪ್ಲೇಟು ಹಾಕಿಸಿಕೊಂಡವರು ಇದನ್ನು ಮಾಡಬಾರದು. ಉಂಗುರ, ಬಳೆ ತೆಗೆದೇ ಕೂರಬೇಕು. ಇದಕ್ಕೆ ಬೇಕಾದದ್ದು ತಾಳ್ಮೆ. ನಾಲ್ಕು ದಿನ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ.

ಗ್ಲೈಕೊಪೈರೊಲೇಟ್, ಆಕ್ಸಿಬ್ಯುಟಿನಿನ್ ಎಂಬ ಮಾತ್ರೆಗಳೂ ಇವೆ. ಮೈಯೆಲ್ಲ ಬೆವರುವವರಿಗೆ ಇವೇ ಅನುಕೂಲ, ಏಕೆಂದರೆ ಮೈತುಂಬ ಇಂಜೆಕ್ಷನ್ ಚುಚ್ಚಲು ಆಗುವುದಿಲ್ಲ. ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಕಣ್ಣು ಮಂಜಾಗಬಹುದು. ಗ್ಲಾಕೋಮಾದ ಕೆಲವು ಬಗೆಗಳಲ್ಲಿ, ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರಿಗೆ ಇವು ಬೇಡ. ಇನ್ನೊಂದು ಮಾತನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕು. ಬೆವರು ದೇಹವನ್ನು ತಂಪಾಗಿಡುವ ದಾರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ರೋಣ, ಮುಂಡರಗಿ ಕಡೆ ಹೊಲದಲ್ಲಿ ದುಡಿಯುವವರು ಈ ಮಾತ್ರೆ ನುಂಗಿ ಬೆವರು ನಿಲ್ಲಿಸಿಕೊಂಡರೆ ಶಾಖಾಘಾತದ ಅಪಾಯ. ಕೆಲಸ ಯಾವುದು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಬೊಟಾಕ್ಸ್. ಕಂಕುಳಿಗೆ ಒಂದು ಬದಿಗೆ ಸಾಮಾನ್ಯವಾಗಿ 50 ಯೂನಿಟ್, ಎರಡಕ್ಕೆ 100. ಚರ್ಮದೊಳಗೇ, ಸಣ್ಣ ಸೂಜಿಯಲ್ಲಿ, ಒಂದೆರಡು ಸೆಂಟಿಮೀಟರಿಗೆ ಒಂದು ಚುಚ್ಚು. ಒಂದು ವಾರದ ಆಸುಪಾಸಿನಲ್ಲಿ ಬೆವರು ಇಳಿಯುತ್ತದೆ, ಅರ್ಧ ವರ್ಷವೋ ಅದಕ್ಕಿಂತ ಜಾಸ್ತಿಯೋ ಉಳಿಯುತ್ತದೆ. ನೋವು ತಾಳುವಂಥದ್ದು. ಲೋಷನ್ ಸರಿಯಾಗಿ ಹಚ್ಚಿಯೂ ಅಂಗಿ ಒದ್ದೆಯಾಗುವವರಿಗೆ ಮುಂದಿನ ಹೆಜ್ಜೆ ಇದೇ ಎಂದು ನಾನು ಹಿಂಜರಿಕೆ ಇಲ್ಲದೆ ಹೇಳುತ್ತೇನೆ.

ಅಂಗೈ ವಿಷಯ ಬೇರೆ. ಒಂದೊಂದು ಕೈಗೆ 100 ಯೂನಿಟ್‌ವರೆಗೂ ಬೇಕಾಗುತ್ತದೆ. ಅಂಗೈಯಲ್ಲಿ ನರ ಜಾಸ್ತಿ, ಹಾಗಾಗಿ ನೋವೂ ಜಾಸ್ತಿ. ಮಣಿಕಟ್ಟಿನ ಹತ್ತಿರ ನರವನ್ನು ಮರಗಟ್ಟಿಸಿ ಚುಚ್ಚುತ್ತಾರೆ, ಅಥವಾ ಐಸ್ ಇಡುತ್ತಾರೆ. ಮರಗಟ್ಟಿಸುವ ವ್ಯವಸ್ಥೆ ಇಲ್ಲದ ಕಡೆ ಅಂಗೈಗೆ ಹಾಕಿಸಿಕೊಳ್ಳಬೇಡಿ. ಪರಿಣಾಮ 4ರಿಂದ 6 ತಿಂಗಳು. ಮುಖ್ಯವಾದದ್ದು, ಹೆಬ್ಬೆರಳಿನ ಬುಡದ ಸ್ನಾಯುವಿಗೆ ಔಷಧಿ ಇಳಿದರೆ ಕೆಲವು ವಾರ ಹಿಡಿತದ ಬಲ ಕಡಿಮೆಯಾಗುತ್ತದೆ. ಬಾಟಲಿ ಮುಚ್ಚಳ ತೆಗೆಯುವುದು, ಗುಂಡಿ ಹಾಕುವುದು ಕಷ್ಟ ಆಗಬಹುದು. ಪರೀಕ್ಷೆ ಬರೆಯುವವರು ತಾರೀಖಿಗೆ ಎರಡು ದಿನ ಮುಂಚೆ ಓಡಿಬಂದರೆ ಆಗುವುದಿಲ್ಲ. ಕನಿಷ್ಠ ಒಂದೂವರೆ ತಿಂಗಳು ಮುಂಚೆಯೇ ಹಾಕಿಸಿಕೊಂಡಿರಬೇಕು. ಧಾರವಾಡ ಸಂಗೀತದ ಊರು. ತಬಲಾ, ಸಿತಾರ್ ನುಡಿಸುವವರಿಗೆ, ಹೊಲಿಗೆ-ಕಸೂತಿ ಮಾಡುವವರಿಗೆ ಬೆರಳಿನ ಸೂಕ್ಷ್ಮ ಬಲವೇ ಬದುಕು. ಅವರು ಅಯಾಂಟೋಫೊರೆಸಿಸ್ ಅನ್ನು ಮನಸ್ಸಿಟ್ಟು ಮಾಡಿ ನೋಡದೆ ಬೊಟಾಕ್ಸ್ ಕಡೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಖರ್ಚನ್ನು ಒಂದು ಸಲದ ಲೆಕ್ಕದಲ್ಲಿ ನೋಡಬೇಡಿ, ವರ್ಷದ ಲೆಕ್ಕದಲ್ಲಿ ನೋಡಿ. ಕಂಕುಳಿಗೆ ವರ್ಷಕ್ಕೆ ಎರಡು ಸಲ ಅಂದರೆ 200 ಯೂನಿಟ್. ಅಂಗೈಗೆ ವರ್ಷಕ್ಕೆ ಎರಡು-ಮೂರು ಸಲ ಅಂದರೆ 400ರಿಂದ 600 ಯೂನಿಟ್. ಬಿಲ್ಲು ಯೂನಿಟ್ ಲೆಕ್ಕದಲ್ಲೇ ಬರುತ್ತದೆ. ಒಂದು ಯೂನಿಟ್ ಬೆಲೆ ಕೇಳಿ ಗುಣಿಸಿ ನೋಡಿ. ಅಷ್ಟು ಹಣಕ್ಕೆ ಮಶೀನು ಒಮ್ಮೆಗೇ ಬರುತ್ತದೆಯೇ ಎಂದು ಹೋಲಿಸಿ.

ಎದೆಯೊಳಗಿನ ನರ ಕತ್ತರಿಸುವ ಆಪರೇಷನ್ ಕೊನೆಯ ದಾರಿ. ಅಂಗೈ ಒಣಗುವುದು ನಿಜ. ಆದರೆ ಬೆನ್ನು, ಹೊಟ್ಟೆ, ತೊಡೆ ಕಡೆ ಮೊದಲಿಗಿಂತ ಜಾಸ್ತಿ ಬೆವರು ಶುರುವಾಗುವುದು ಬಹಳ ಜನರಲ್ಲಿ ಆಗುತ್ತದೆ. ಅದನ್ನು ವಾಪಸ್ ತಿರುಗಿಸುವುದು ಬಲು ಕಷ್ಟ. ಇಪ್ಪತ್ತರ ವಯಸ್ಸಿನವರು ಸಿಟ್ಟಿನಲ್ಲಿ ಈ ತೀರ್ಮಾನ ಮಾಡಬಾರದು.

ಬೆವರಿನಿಂದ ಕೆರಳುವ ಕಾಯಿಲೆಗಳು

ಕಂಕುಳು, ತೊಡೆಸಂದಿಯಲ್ಲಿ ಬೆವರಿದಾಗೆಲ್ಲ ಚರ್ಮ ಬಿರಿದು ಹಸಿಗಾಯ ಆಗುವ ಒಂದು ವಂಶಪಾರಂಪರ್ಯ ಕಾಯಿಲೆ ಇದೆ. 1939ರಲ್ಲಿ ಇದನ್ನು ವಿವರಿಸಿದ ಅಣ್ಣತಮ್ಮಂದಿರ ಹೆಸರಲ್ಲಿ ಹೈಲಿ-ಹೈಲಿ ಕಾಯಿಲೆ ಎನ್ನುತ್ತಾರೆ. ಎಷ್ಟೋ ಜನ ಇದನ್ನು ಗಜಕರ್ಣ ಎಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾ ವರ್ಷಗಟ್ಟಲೆ ನರಳುತ್ತಾರೆ. ಸ್ಟೀರಾಯ್ಡ್ ಮುಲಾಮು ಮತ್ತು ಆಂಟಿಬಯೋಟಿಕ್ ಮೊದಲ ದಾರಿ. ಆದರೆ ಸ್ಟೀರಾಯ್ಡನ್ನು ಸಂದಿಗಳಲ್ಲಿ ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಬೊಟಾಕ್ಸ್ ಹಾಕಿ ಆ ಜಾಗ ಒಣಗಿಸಿದಾಗ ಗಾಯ ಮಾಯ್ದು ತಿಂಗಳುಗಟ್ಟಲೆ ಆರಾಮ ಸಿಕ್ಕಿದ ವರದಿಗಳು 2000ದ ಸುಮಾರಿನಿಂದ ಬರುತ್ತಲೇ ಇವೆ. ಕಾಯಿಲೆ ಅಪರೂಪದ್ದಾದ್ದರಿಂದ ದೊಡ್ಡ ಅಧ್ಯಯನ ಇಲ್ಲ. ಆದರೂ ಮೂಲ ತರ್ಕ ಗಟ್ಟಿ ಇದೆ. ಪ್ರತಿ ಬೇಸಿಗೆಯಲ್ಲಿ ಮರುಕಳಿಸುವವರು ಬೇಸಿಗೆಗೆ ಮುಂಚೆ, ಫೆಬ್ರುವರಿಯ ಹೊತ್ತಿಗೆ, ಡಾಕ್ಟರ ಹತ್ತಿರ ಈ ಮಾತು ಎತ್ತಬಹುದು.

ಅಂಗೈ, ಬೆರಳಿನ ಬದಿಯಲ್ಲಿ ಸಾಬೂದಾಣಿಯಂಥ ನೀರುಗುಳ್ಳೆ ಎದ್ದು ಕಡಿಯುವ ಎಕ್ಸಿಮಾ ಹಲವರಿಗೆ ಗೊತ್ತು. ಒಂದೇ ರೋಗಿಯ ಒಂದು ಕೈಗೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದ ಸಣ್ಣ ಅಧ್ಯಯನವೊಂದು ಸ್ವೀಡನ್ನಿನಿಂದ 2002ರಲ್ಲಿ ಬಂತು. ಹಾಕಿದ ಕೈಯಲ್ಲಿ ಕಡಿತ, ಗುಳ್ಳೆ ಕಡಿಮೆಯಾಗಿತ್ತು. ಆದರೂ ಇದಕ್ಕೆ ಮೊದಲು ಸ್ಟೀರಾಯ್ಡ್ ಮುಲಾಮು, ಸೋಪು-ಡಿಟರ್ಜೆಂಟಿನಿಂದ ದೂರ, ನಿಕ್ಕಲ್ ಅಥವಾ ಸಿಮೆಂಟಿನ ಅಲರ್ಜಿ ಇದೆಯೇ ಎಂದು ಪ್ಯಾಚ್ ಟೆಸ್ಟ್. ಬೆವರು ಜಾಸ್ತಿ ಇದ್ದು, ಬೆವರಿದಾಗಲೇ ಗುಳ್ಳೆ ಏಳುವುದು ಸ್ಪಷ್ಟ ಇದ್ದವರಿಗೆ ಮಾತ್ರ ಬೊಟಾಕ್ಸ್ ಅರ್ಥಪೂರ್ಣ.

ಕಿವಿಯ ಮುಂದಿನ ಜೊಲ್ಲುಗ್ರಂಥಿಯ ಆಪರೇಷನ್ ಆದ ಕೆಲವರಿಗೆ ಊಟ ಮಾಡುವಾಗ ಆ ಕೆನ್ನೆ ಕೆಂಪಾಗಿ ಬೆವರು ಹನಿಯುತ್ತದೆ. ಜೊಲ್ಲಿನ ನರ ತಪ್ಪಿ ಬೆವರು ಗ್ರಂಥಿಗೆ ಹೋಗಿ ಕೂಡಿಕೊಂಡಿದ್ದರಿಂದ ಹೀಗೆ. ಎಷ್ಟೋ ಜನ ನಾಚಿಕೆಪಟ್ಟು ಮದುವೆ ಮನೆಯ ಪಂಕ್ತಿಯಲ್ಲಿ ಕೂರುವುದನ್ನೇ ಬಿಡುತ್ತಾರೆ. ಇದಕ್ಕೆ ಬೊಟಾಕ್ಸ್‌ಗಿಂತ ಒಳ್ಳೆಯ ಚಿಕಿತ್ಸೆ ನನಗೆ ಕಾಣುವುದಿಲ್ಲ.

ಉಬ್ಬಿದ ಗಾಯದ ಕಲೆ

ಕಿವಿ ಚುಚ್ಚಿಸಿದ ಜಾಗ, ಎದೆಯ ಮೇಲಿನ ಮೊಡವೆ, ಸುಟ್ಟ ಗಾಯ, ಇವು ಮಾಯ್ದ ಮೇಲೂ ಬೆಳೆಯುತ್ತಾ ಹೋಗುವುದು ಕೀಲಾಯ್ಡ್. ನಮ್ಮಂಥ ಕಂದು ಮೈಬಣ್ಣದವರಲ್ಲಿ ಬಿಳಿಯರಿಗಿಂತ ಜಾಸ್ತಿ. ಕಡಿತ, ಚುಚ್ಚುನೋವು ಎರಡೂ ಇರುತ್ತದೆ.

ಇದಕ್ಕೆ ವರ್ಷಗಳಿಂದ ನಂಬಿಕೆ ಉಳಿಸಿಕೊಂಡಿರುವುದು ಟ್ರಯಾಮ್ಸಿನಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್. ಸುಮಾರು ತಿಂಗಳಿಗೊಮ್ಮೆ ಗಂಟಿನೊಳಗೇ ಚುಚ್ಚುತ್ತಾರೆ. ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ತೊಂದರೆ ಏನೆಂದರೆ ಸುತ್ತಲ ಚರ್ಮ ತೆಳುವಾಗಬಹುದು, ಬೆಳ್ಳಗಾಗಬಹುದು. ಬರೀ ಸ್ಟೀರಾಯ್ಡಿಗೆ ಬಗ್ಗದಿದ್ದರೆ ಜೊತೆಗೆ 5-ಫ್ಲೂರೋಯುರಾಸಿಲ್ ಬೆರೆಸುತ್ತಾರೆ, ಅಥವಾ ದ್ರವ ಸಾರಜನಕದಿಂದ ತಣ್ಣಗೆ ಸುಡುತ್ತಾರೆ. ಹೊಸ ಕಲೆಗೆ ಸಿಲಿಕೋನ್ ಹಾಳೆ ಅಥವಾ ಜೆಲ್ ಒಳ್ಳೆಯದು. ಹಾಳೆಯಾದರೆ ದಿನಕ್ಕೆ 12 ತಾಸಿಗಿಂತ ಜಾಸ್ತಿ, ಕನಿಷ್ಠ ಎರಡು-ಮೂರು ತಿಂಗಳು. ಬರೀ ಕತ್ತರಿಸಿ ತೆಗೆಸುವುದು ಮಾತ್ರ ಬೇಡವೇ ಬೇಡ. ಬೇರೆ ಚಿಕಿತ್ಸೆ ಜೊತೆಗಿಲ್ಲದೆ ಕತ್ತರಿಸಿದ ಕೀಲಾಯ್ಡ್ ಬಹಳ ಸಲ ಮೊದಲಿಗಿಂತ ದೊಡ್ಡದಾಗಿ ವಾಪಸ್ ಬರುತ್ತದೆ.

ಬೊಟಾಕ್ಸ್ ಇಲ್ಲಿ ಎಲ್ಲಿ ನಿಲ್ಲುತ್ತದೆ? ಕೆಲವು ಸಣ್ಣ ಅಧ್ಯಯನಗಳಲ್ಲಿ ಸ್ಟೀರಾಯ್ಡಿನಷ್ಟೇ ಫಲ ಕಂಡಿದೆ, ಕಡಿತ-ನೋವು ಇಳಿದಿದೆ. ಇನ್ನು ಕೆಲವದರಲ್ಲಿ ಗಂಟು ಕರಗಲೇ ಇಲ್ಲ. ಇಷ್ಟು ಒಡಕು ಉತ್ತರ ಇರುವಾಗ ಇಷ್ಟು ದುಬಾರಿ ಔಷಧಿಯಿಂದ ಶುರು ಮಾಡುವುದರಲ್ಲಿ ಅರ್ಥ ಇಲ್ಲ. ಸ್ಟೀರಾಯ್ಡಿನಿಂದ ಚರ್ಮ ಹಾಳಾದವರು, ಕಡಿತ ತಾಳಲಾರದವರು ಎರಡನೆಯ ಹೆಜ್ಜೆಯಾಗಿ ಕೇಳಬಹುದು.

ಹೊಸ ಗಾಯದ ವಿಷಯ ಬೇರೆ, ಇಲ್ಲಿ ನನಗೆ ಹೆಚ್ಚು ಭರವಸೆ ಇದೆ. ಬೈಪಾಸ್‌ನಲ್ಲಿ ಬೈಕಿನಿಂದ ಬಿದ್ದು ಹಣೆಗೆ ಹೊಲಿಗೆ ಬಿದ್ದಿದೆ ಎಂದುಕೊಳ್ಳಿ. ಹುಬ್ಬು ಏರಿಸಿದಾಗೆಲ್ಲ ಹಣೆಯ ಸ್ನಾಯು ಗಾಯವನ್ನು ಎಳೆಯುತ್ತದೆ, ಕಲೆ ಅಗಲವಾಗುತ್ತದೆ. ಹೊಲಿಗೆಯ ಹೊತ್ತಿಗೆ ಸುತ್ತಲ ಸ್ನಾಯುವಿಗೆ ಬೊಟಾಕ್ಸ್ ಹಾಕಿದರೆ ಎಳೆತ ನಿಲ್ಲುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ಮಾಡಿದ ಹಣೆಯ ಕಲೆಗಳು ಬರೀ ಸಲೈನ್ ಹಾಕಿದವರಿಗಿಂತ ಚೆನ್ನಾಗಿ ಮಾಯ್ದಿದ್ದವು. ಇದು ಮುಖಕ್ಕೆ, ಹೊಸ ಗಾಯಕ್ಕೆ ಮಾತ್ರದ ಮಾತು. ಹತ್ತು ವರ್ಷದ ಹಳೆಯ ಕಲೆಗೆ ಅನ್ವಯಿಸುವುದಿಲ್ಲ.

ಸರ್ಪಸುತ್ತಿನ ನಂತರದ ಉರಿ

ಸರ್ಪಸುತ್ತು ಎದ್ದಾಗ ಕೆಮ್ಮಣ್ಣು ಬರೆಸಿಕೊಂಡು ಬರುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಓಡಾಟದಲ್ಲಿ ಕಳೆಯುವ ದಿನಗಳು ಬಹಳ ಬೆಲೆಯವು. ಗುಳ್ಳೆ ಕಂಡ 72 ತಾಸಿನೊಳಗೆ ಏಸೈಕ್ಲೊವಿರ್ ಅಥವಾ ವ್ಯಾಲಾಸೈಕ್ಲೊವಿರ್ ಶುರುವಾಗಬೇಕು. ಗುಳ್ಳೆ ಒಣಗಿ ಮೂರು ತಿಂಗಳಾದರೂ ಬಟ್ಟೆ ತಾಗಿದರೆ ಉರಿ, ಕರೆಂಟ್ ಹೊಡೆದಂಥ ನೋವು ಉಳಿದರೆ ಅದು ನರದ ನೋವು.

ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ಮೊದಲ ಸಾಲಿನವು. ಬಹಳ ಜನಕ್ಕೆ ಸಾಕಾಗುತ್ತವೆ. ಆದರೆ ಈ ನೋವು ಬರುವುದೇ ಹೆಚ್ಚಾಗಿ ವಯಸ್ಸಾದವರಿಗೆ. ಮಾತ್ರೆ ನುಂಗಿದ ಅಜ್ಜಿ ರಾತ್ರಿ ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಅಂಥವರಿಗೆ ಹಚ್ಚುವ ಲಿಡೊಕೇನ್ ಅಥವಾ ಕ್ಯಾಪ್ಸೈಸಿನ್ ಮುಲಾಮು ನೋಡಬಹುದು. ಕ್ಯಾಪ್ಸೈಸಿನ್ ಅಂದರೆ ಮೆಣಸಿನಕಾಯಿಯ ಖಾರದ ಅಂಶ. ಹಾವೇರಿ ಕಡೆಯವರಿಗೆ ಒಂದು ಕಳಕಳಿಯ ಮಾತು, ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಬೇಡಿ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ನೋವೂ ಇಳಿಯುವುದಿಲ್ಲ, ಚರ್ಮವೂ ಸುಡುತ್ತದೆ. ಅಳತೆ ಇರುವ ಔಷಧಿಯೇ ಬೇಕು.

ಬೊಟಾಕ್ಸನ್ನು ನೋವಿನ ಜಾಗದ ಚರ್ಮದಡಿ ಚುಚ್ಚಿದಾಗ ನೋವು ಸಾರುವ ರಾಸಾಯನಿಕಗಳೂ ನರದ ತುದಿಯಿಂದ ಕಡಿಮೆ ಹೊರಬರುತ್ತವೆ. ಸಲೈನ್ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಇದು ಗೆದ್ದಿದೆ, ನಿದ್ದೆಯೂ ಸುಧಾರಿಸಿದೆ. ಪ್ರಯೋಗಗಳು ಸಣ್ಣವು. ಆದರೂ ಮಾತ್ರೆ ತಾಳದ ಹಿರಿಯರಿಗೆ ಇದನ್ನು ಕೇಳುವುದು ನ್ಯಾಯ, ಏಕೆಂದರೆ ಇದರಿಂದ ಮಂಪರು ಬರುವುದಿಲ್ಲ. ಎದೆ, ಬೆನ್ನಿನ ಮೇಲಿನ ನೋವಿಗೆ ಹಾಕುವುದು ಸುಲಭ. ಕಣ್ಣಿನ ಸುತ್ತ ಇದ್ದರೆ ರೆಪ್ಪೆ ಇಳಿಬೀಳುವ ಭಯ ಇದೆ, ಕೈ ಪಳಗಿದವರೇ ಬೇಕು. ಇನ್ನೂ ಸರ್ಪಸುತ್ತು ಆಗದ 50 ದಾಟಿದವರು ಲಸಿಕೆ ಬಗ್ಗೆ ಕೇಳಿ. ಶಿಂಗ್ರಿಕ್ಸ್ 2023ರಿಂದ ಭಾರತದಲ್ಲಿದೆ, ಎರಡು ಡೋಸ್.

ಸದ್ಯಕ್ಕೆ ಕಾಯಬಹುದಾದವು

ಮುಖ ಕೆಂಪೇರುವ ರೋಸೇಶಿಯಾ, ಎಣ್ಣೆ ಚರ್ಮ, ದೊಡ್ಡ ರಂಧ್ರಗಳಿಗೆ ತೆಳು ಮಾಡಿದ ಬೊಟಾಕ್ಸ್ ಚುಚ್ಚುವುದು ಈಗ ಜೋರಾಗಿದೆ. ಸ್ವಲ್ಪ ಫಲ ಕಾಣುತ್ತದೆ, ಆದರೆ ಸ್ವಲ್ಪ ಆಳಕ್ಕೆ ಹೋದರೂ ನಗು ಸೊಟ್ಟಗಾಗುತ್ತದೆ. ಸನ್‌ಸ್ಕ್ರೀನ್, ಮೆಟ್ರೊನಿಡಜೋಲ್ ಅಥವಾ ಐವರ್‌ಮೆಕ್ಟಿನ್ ಕ್ರೀಮು ಮೊದಲು. ಚಳಿಗೆ ಬೆರಳು ಬೆಳ್ಳಗಾಗಿ ನೀಲಿಗಟ್ಟುವ ರೇನಾಡ್ ತೊಂದರೆಯಲ್ಲಿ, ಚರ್ಮ ಗಟ್ಟಿಯಾಗುವ ಸ್ಕ್ಲೆರೊಡರ್ಮಾ ರೋಗಿಗಳ ಮೇಲೆ ಮಾಡಿದ 2017ರ ಪ್ರಯೋಗ ನಿರಾಸೆ ತಂದಿತು. ಕೈಗವಸು, ನಿಫೆಡಿಪಿನ್ ಮಾತ್ರೆಯೇ ಸರಿ. ಸೋರಿಯಾಸಿಸ್‌ಗೆ ಯಾರಾದರೂ ಬೊಟಾಕ್ಸ್ ಹೇಳಿದರೆ ಎದ್ದು ಬನ್ನಿ, ಅದಕ್ಕೆ ಪರೀಕ್ಷಿತ ಔಷಧಿಗಳು ಬೇಕಾದಷ್ಟಿವೆ.

ಹಾಕಿಸಿಕೊಳ್ಳುವ ಮುಂಚೆ

ರೋಗ ಯಾವುದೆಂದು ಖಚಿತ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಅಂದರೆ ನಾವು ಇವತ್ತಿಗೂ ಕಿಮ್ಸ್ ಎನ್ನುವುದು, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳು ಇವೆ. ಚರ್ಮ ವಿಭಾಗದ ಚೀಟಿ ಮಾಡಿಸಿ ಮೊದಲು ರೋಗದ ಹೆಸರು ತಿಳಿಯಿರಿ. ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳುವುದು ಯಾವ ಕಾರಣಕ್ಕೂ ಬೇಡ.

ಬ್ರ್ಯಾಂಡ್ ಹೆಸರು ಕೇಳಿ. ಬೊಟಾಕ್ಸ್‌ನ ಯೂನಿಟ್ ಬೇರೆ, ಡಿಸ್‌ಪೋರ್ಟ್‌ನ ಯೂನಿಟ್ ಬೇರೆ. ಡಿಸ್‌ಪೋರ್ಟ್ ಸುಮಾರು ಎರಡೂವರೆ-ಮೂರು ಪಟ್ಟು ಜಾಸ್ತಿ ಯೂನಿಟ್ ಬೇಕು. ಆದ್ದರಿಂದ "ಅಲ್ಲಿ ಯೂನಿಟ್‌ಗೆ ಅಗ್ಗ" ಎಂಬ ಮಾತು ಮೋಸ ಮಾಡಬಹುದು. ವಯಲ್ ನಿಮ್ಮ ಮುಂದೆಯೇ ತೆಗೆಯಲಿ. ಅದು 2ರಿಂದ 8 ಡಿಗ್ರಿ ಫ್ರಿಡ್ಜಿನಲ್ಲಿ ಇದ್ದಿರಬೇಕು. ಕರೆಂಟ್ ಹೋದಾಗ ಏನು ವ್ಯವಸ್ಥೆ ಎಂದು ಕೇಳಲು ಸಂಕೋಚ ಬೇಡ. ಬ್ಯಾಚ್ ನಂಬರ್ ಚೀಟಿಯ ಮೇಲೆ ಬರೆಸಿಕೊಳ್ಳಿ.

ಬಸುರಿಯರು, ಮೊಲೆಹಾಲು ಕೊಡುವ ತಾಯಂದಿರು, ಮಯಸ್ತೇನಿಯಾ ಗ್ರೇವಿಸ್‌ನಂಥ ಸ್ನಾಯು-ನರದ ಕಾಯಿಲೆ ಇರುವವರು ಹಾಕಿಸಿಕೊಳ್ಳಬಾರದು. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಹೇಳಿ, ಅವು ಇದರ ಪರಿಣಾಮ ಹೆಚ್ಚಿಸುತ್ತವೆ. ಹಾಕಿಸಿದ ಮೇಲೆ ನುಂಗಲು ಕಷ್ಟ, ಉಸಿರಾಟದ ತೊಂದರೆ, ಧ್ವನಿ ಬದಲಾವಣೆ, ಎರಡೆರಡು ಕಾಣುವುದು ಆದರೆ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇದು ಅಪರೂಪ. ವಾರಗಳ ನಂತರವೂ ಕಾಣಿಸಬಹುದು. ಎರಡು ಸರದಿಯ ನಡುವೆ ಮೂರು ತಿಂಗಳಾದರೂ ಬಿಡಿ. ಪದೇ ಪದೇ ಹಾಕಿದರೆ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡು ಔಷಧಿ ನಾಟದಂತಾಗಬಹುದು.

ಬೆವರಿಗೆ ಹಾಕಿಸುವವರು ಅಯೋಡಿನ್-ಪಿಷ್ಟದ ಪರೀಕ್ಷೆ ಮಾಡಿ ಎಂದು ಕೇಳಿ. ಚರ್ಮಕ್ಕೆ ಅಯೋಡಿನ್ ಬಳಿದು ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸುತ್ತಾರೆ. ಬೆವರಿದ ಕಡೆಯೆಲ್ಲ ಕಪ್ಪು-ನೀಲಿ ಬಣ್ಣ ಮೂಡುತ್ತದೆ. ಎಲ್ಲಿ ಚುಚ್ಚಬೇಕು ಎಂಬುದು ಆಗ ಕಣ್ಣಿಗೇ ಕಾಣುತ್ತದೆ, ಔಷಧಿ ವ್ಯರ್ಥ ಆಗುವುದಿಲ್ಲ. ಎರಡು ವಾರ ಬಿಟ್ಟು ಇದೇ ಪರೀಕ್ಷೆ ಮತ್ತೆ ಮಾಡಿಸಿದರೆ ಯಾವ ಜಾಗ ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಅಷ್ಟಕ್ಕೆ ಮಾತ್ರ ಕೆಲವು ಯೂನಿಟ್ ಮತ್ತೆ ಹಾಕಿದರೆ ಸಾಕು. ಈ ಎರಡನೇ ಭೇಟಿ ಮೊದಲ ಬಿಲ್ಲಿನಲ್ಲೇ ಸೇರಿದೆಯೇ ಎಂದು ಹಣ ಕಟ್ಟುವ ಮುಂಚೆಯೇ ಕೇಳಿ.